ದನದ ಡಾಕ್ಟ್ರು ಮತ್ತು ನನ್ನ ಬೆನ್ನುಹುರಿ

ನಮ್ಮ ಸೀಮೆಯಲ್ಲಿ ಬೆನ್ನು ಮುರಿದುಕೊಂಡು ಮಲಗಿದವನನ್ನು ನೋಡಲು ಬಂದವರು ಮೊದಲು ಕೇಳುವುದು ‘ಯಾವ ಮರ?’ ಎಂದು. ತೆಂಗಿನ ಮರದಿಂದ ಬಿದ್ದವನಿಗೆ ತಿಪಟೂರಿನಿಂದ ತುರುವೇಕೆರೆಯವರೆಗೂ ಒಂದು ಮರ್ಯಾದೆಯಿದೆ. ಎಷ್ಟು ಎತ್ತರ, ಎಳನೀರಿಗೆ ಹತ್ತಿದ್ದೋ ಕಾಯಿಗೆ ಹತ್ತಿದ್ದೋ, ಕೈ ಜಾರಿತೋ ಕಾಲು ಜಾರಿತೋ ಎಂದು ವಿಚಾರಿಸಿ, ಕಾಫಿ ಕುಡಿದು, ತಲೆಯಾಡಿಸಿ ಹೋಗುತ್ತಾರೆ. ನಾನು ಬಿದ್ದದ್ದು ಪ್ಲಾಸ್ಟಿಕ್ ಕುರ್ಚಿಯಿಂದ.

ನಮ್ಮ ಹಿತ್ತಲಿನಲ್ಲಿ ಗಿಡ್ಡ ತಳಿಯ ಒಂದು ತೆಂಗಿನ ಮರವಿದೆ. ಅದರ ಒಣಗಿದ ಗರಿ ಜೋತುಬಿದ್ದು ಬಟ್ಟೆ ಒಣಹಾಕುವ ತಂತಿಗೆ ತಾಗುತ್ತಿತ್ತು. ಕಾಯಿ ಕೀಳುವವನನ್ನು ಕರೆಸಿ ತೆಗೆಸಿ ಎಂದು ಹೆಂಡತಿ ಹೇಳುತ್ತಲೇ ಇದ್ದಳು. ಇಷ್ಟಕ್ಕೆಲ್ಲ ಆಳು ಯಾಕೆ, ನಾನು ಹೈಸ್ಕೂಲಿನ ಡ್ರಿಲ್ ಮಾಸ್ಟರು, ಹರೆಯದಲ್ಲಿ ಜಿಲ್ಲಾ ಮಟ್ಟದವರೆಗೆ ಹೈಜಂಪ್ ಹಾರಿದವನು ಎಂದು ಕುರ್ಚಿ ಹತ್ತಿ ಗರಿಯನ್ನು ಹಿಡಿದು ಜಗ್ಗಿದೆ. ಗರಿ ಬರಲಿಲ್ಲ. ಕುರ್ಚಿ ನಾಲ್ಕೂ ಕಾಲು ಚಾಚಿತು. ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ನಡುಬೆನ್ನು ಕೊಟ್ಟು ಬಿದ್ದೆ. ಎದ್ದು ಧೂಳು ಕೊಡವಿಕೊಳ್ಳೋಣ ಎಂದರೆ ಸೊಂಟದಿಂದ ಕೆಳಗೆ ನನ್ನದೆನ್ನುವುದು ಏನೂ ಇರಲಿಲ್ಲ. ಅರ್ಧ ಆಯುಷ್ಯ ಮಕ್ಕಳಿಗೆ ‘ನೆಟ್ಟಗೆ ನಿಲ್ಲು’ ಎಂದು ಸೀಟಿ ಊದಿದವನ ಗತಿ ಅಂದಿಗೆ ಹೀಗಾಯಿತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಬೆನ್ನಿಗೆ ಕಂಬಿ, ಸ್ಕ್ರೂ ಹಾಕಿದರು. ಬೆನ್ನುಹುರಿ ತುಂಡಾಗಿಲ್ಲ, ಜಜ್ಜಿದೆ, ಎಷ್ಟು ವಾಪಸ್ಸು ಬರುತ್ತದೆ ಎಂದು ಈಗ ಹೇಳಲಾಗದು ಎಂದು ಹೇಳಿ ಡಾಕ್ಟರು ಪಕ್ಕದ ಹಾಸಿಗೆಗೆ ಹೋದರು. ಕೆಲವು ವಾರಗಳ ಮೇಲೆ ನನ್ನನ್ನು ತುರುವೇಕೆರೆಯ ಮನೆಗೆ ತಂದು, ನಡುಮನೆಯಲ್ಲಿ ಮಂಚ ಹಾಕಿ, ಮೂತ್ರದ ಚೀಲವೊಂದನ್ನು ಪಕ್ಕಕ್ಕೆ ನೇತುಹಾಕಿ ಮಲಗಿಸಿದರು. ನೋಡಲು ಬಂದವರಿಗೆಲ್ಲ ಹೆಂಡತಿ ‘ಮರದಿಂದ ಬಿದ್ರು’ ಎನ್ನತೊಡಗಿದಳು. ಗಂಡನ ಮಾನ ಉಳಿಸುವ ಕೆಲಸ. ದಿನ ಕಳೆದಂತೆ ಮರ ಎತ್ತರವಾಗುತ್ತ ಹೋಯಿತು. ನಾನೂ ಬೇಡ ಎನ್ನಲಿಲ್ಲ.

ಹಾಗಿದ್ದಾಗ ಒಂದು ಬೆಳಿಗ್ಗೆ ಹಿಂದಿನ ಬೀದಿಯ ದನದ ಡಾಕ್ಟ್ರು ಬಂದರು.

“ಮರದಿಂದ ಬಿದ್ಬುಟ್ರು ಅಣ್ಣ,” ಎಂದಳು ಹೆಂಡತಿ.

“ಹಿತ್ಲಲ್ಲಿ ಮುರುದ್ ಕುರ್ಚಿ ಬಿದ್ದೈತೆ. ಬರ್ತಾ ನೋಡ್ದೆ ಬುಡಮ್ಮ,” ಎಂದರು ಅವರು. ಆಮೇಲೆ ನನ್ನ ಮುಖವನ್ನೂ ನೋಡದೆ ಬಗ್ಗಿ ಮೂತ್ರದ ಚೀಲವನ್ನು ಬೆಳಕಿಗೆ ಹಿಡಿದು ನೋಡಿದರು, ಹೊದಿಕೆ ಸರಿಸಿ ಹಿಮ್ಮಡಿ ನೋಡಿದರು, ಪಕ್ಕಕ್ಕೆ ಹೊರಳಿಸಿ ಹುಣ್ಣಾಗಿದೆಯೇ ಎಂದು ಬೆನ್ನಿನ ಬುಡ ನೋಡಿದರು. ಎಲ್ಲ ಮುಗಿದ ಮೇಲೆ ತೊಡೆಗೆ ಒಂದು ಏಟು ಹಾಕಿ, “ಏನ್ಲಾ ಡ್ರಿಲ್ಲು, ಊಟ ಆಯ್ತಾ?” ಎಂದರು.

ಅವರು ಹಂದನಕೆರೆ, ಮಾಯಸಂದ್ರ ಎಂದು ಸುತ್ತಮುತ್ತಲ ದನದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ, ನಿವೃತ್ತಿಯ ವಯಸ್ಸಿಗೆ ಮುಂಚೆಯೇ ಕೆಲಸ ಬಿಟ್ಟು, ನಮ್ಮ ಹಿಂದೆ ಮನೆ ಕಟ್ಟಿಕೊಂಡಿದ್ದವರು. ಕಡ್ಡಿಯಂಥ ಉದ್ದ ಆಳು. ಅವರದೊಂದು ವಿಚಿತ್ರ ರೂಢಿಯಿತ್ತು. ದನಗಳನ್ನು ಬಹುವಚನದಲ್ಲಿ ಮಾತನಾಡಿಸುತ್ತಿದ್ದರು, ಮನುಷ್ಯರನ್ನು ಏಕವಚನದಲ್ಲಿ. “ಸ್ವಲ್ಪ ಈ ಕಡೆ ತಿರುಗ್ತೀರಾ ತಾಯಿ? ನೋವಾಯ್ತಾ? ಆಯ್ತು, ಆಯ್ತು, ಮುಗುದೇ ಹೋಯ್ತು,” ಎಂದು ಹಸುವಿಗೆ ಹೇಳಿ, ಅದೇ ಉಸಿರಿನಲ್ಲಿ ಅದರ ಯಜಮಾನನಿಗೆ “ನೆಟ್ಟಗೆ ಹಿಡ್ಕಳ್ಲಾ, ಬಡ್ಡೆತ್ತದೆ!” ಎನ್ನುತ್ತಿದ್ದರು. ಒಮ್ಮೆ ಊರಿನ ಒಬ್ಬ ಮುಖಂಡ, ನಮಗೂ ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಿ ಡಾಕ್ಟ್ರೇ ಎಂದನಂತೆ. “ಎರಡೊತ್ತು ಹಾಲು ಕೊಡು, ಕೊಡ್ತೀನಿ,” ಎಂದರಂತೆ ಇವರು.

ಅಂಥವರು ದಿನಾ ಬರತೊಡಗಿದರು. ನನಗೆ ಒಳಗೊಳಗೇ ಕಸಿವಿಸಿ. ಬೆಂಗಳೂರಿನಲ್ಲಿ ದೊಡ್ಡ ದೊಡ್ಡವರು ನೋಡಿದ ಬೆನ್ನನ್ನು ಈಗ ಎಮ್ಮೆ ಡಾಕ್ಟರು ಹೊರಳಿಸಿ ನೋಡುತ್ತಾರಲ್ಲ ಎಂದು. ಆದರೆ ಬೇಡ ಎನ್ನಲು ಎದ್ದು ಓಡುವಂತಿರಲಿಲ್ಲವಲ್ಲ.

ಒಂದು ದಿನ ಮಧ್ಯಾಹ್ನ ನನ್ನ ಎಡಗಾಲು ಜಾಡಿಸಿತು. ಹೊದಿಕೆ ಹಾರುವ ಹಾಗೆ ಜಾಡಿಸಿತು. ಹೆಂಡತಿ ಪಾತ್ರೆ ಬಿಟ್ಟು ಓಡಿಬಂದಳು. ಮತ್ತೆ ಜಾಡಿಸಿತು. ಇಬ್ಬರೂ ಅತ್ತೆವು. ಅವಳು ಕಡಲೆಬೇಳೆ ಬೇಯಲು ಇಟ್ಟಳು, ಸಂಜೆಗೆ ಒಬ್ಬಟ್ಟು ಆಯಿತು, ಅಕ್ಕಪಕ್ಕದ ಮನೆಗಳಿಗೆಲ್ಲ ಹೋಯಿತು. ನಾನು ಶಾಲೆಗೆ ಫೋನ್ ಮಾಡಿ, ಮುಂದಿನ ಕ್ರೀಡಾಕೂಟಕ್ಕೆ ನಾನೇ ಬರುತ್ತೇನೆ, ಮೈದಾನಕ್ಕೆ ಸುಣ್ಣದ ಗೆರೆ ಹಾಕಿಸಿ ಇಡಿ ಎಂದು ಹೆಡ್‌ಮಾಸ್ಟರಿಗೆ ಅಪ್ಪಣೆ ಕೊಟ್ಟೆ. ಡಾಕ್ಟ್ರು ಬಂದರು. ಮಂಚದ ಪಕ್ಕ ಕೂತು, ತಟ್ಟೆಯಲ್ಲಿದ್ದ ಒಬ್ಬಟ್ಟನ್ನು ತುಪ್ಪ ಹಾಕಿಸಿಕೊಂಡು ನಿಧಾನವಾಗಿ ತಿಂದರು. ಇನ್ನೊಂದು ಹಾಕಿಸಿಕೊಂಡರು. ಕೈ ತೊಳೆದು ಬಂದು ಕೇಳಿದರು:

“ಕಾಲು ನಿನ್ ಮಾತು ಕೇಳಿ ಒದೀತಾ, ಅದೇ ಒದ್ಕಂತಾ?”

“ಅದೇ ಒದ್ಕಂತು ಸಾರ್.”

“ನಿಲ್ಲು ಅಂದ್ರೆ ನಿಲ್ತಾ?”

ನಾನು ಹೊದಿಕೆಯನ್ನು ಎಳೆದು ಸರಿಮಾಡಿಕೊಂಡೆ.

“ಅದು ಸೆಳೆತ ಕಣ್ಲಾ. ಮೇಲಿಂದ ಹೇಳೋರು ಕೇಳೋರು ಯಾರೂ ಇಲ್ದಿದ್ರೆ ಕಾಲು ತನ್ ಇಷ್ಟ ಬಂದಂಗೆ ಕುಣೀತದೆ. ಮಾಸ್ಟ್ರಿಲ್ದಿದ್ ಕ್ಲಾಸಿದ್ದಂಗೆ.” ಹೆಂಡತಿಯ ಕಡೆ ತಿರುಗಿ, “ಒಬ್ಬಟ್ಟು ಚೆನ್ನಾಗಿತ್ತಮ್ಮ. ಮೊದ್ಲೇ ಹೇಳಿದ್ರೆ ನಿನಗೆ ಬಡಿಸೋ ಮನಸ್ಸಿರ್ತಿರ್ಲಿಲ್ಲ,” ಎಂದರು.

ಹೆಡ್‌ಮಾಸ್ಟರಿಗೆ ಮತ್ತೆ ಫೋನ್ ಮಾಡಲಿಲ್ಲ. ಸುಣ್ಣದ ವಿಷಯ ಅವರೂ ಎತ್ತಲಿಲ್ಲ.

ನನ್ನ ಭಾವಮೈದುನ ಚಿಕ್ಕನಾಯಕನಹಳ್ಳಿಯಲ್ಲಿರುವವನು. ಕೊರೋನಾ ಬಂದು ಹೋದ ಮೇಲೆ ಅವನು ಇಮ್ಯೂನಿಟಿ ಪುಡಿ ಮಾರುವ ಒಂದು ಚೈನ್ ಮಾರ್ಕೆಟಿಂಗಿಗೆ ಸೇರಿಕೊಂಡಿದ್ದ. ನಾನು ಬಿದ್ದ ಸುದ್ದಿ ಕೇಳಿ ಅಕ್ಕರೆಯಿಂದ ಡಬ್ಬಗಳನ್ನೇ ಹೊತ್ತು ತಂದ. “ಭಾವ, ನಮ್ಮ ಮೈಯಲ್ಲಿರೋ ಸೈನಿಕರನ್ನೆಲ್ಲ ಎಬ್ಬಿಸಿಬಿಡುತ್ತೆ. ಗಾಯ ಮಾಯಲೇಬೇಕು,” ಎಂದ. ಬೆಳಿಗ್ಗೆ ಸಂಜೆ ಬಿಸಿನೀರಿನಲ್ಲಿ ಕದಡಿ ಕುಡಿಯತೊಡಗಿದೆ. ಹಸಿ ಅರಿಶಿನಕ್ಕೆ ತುಕ್ಕು ಬೆರೆಸಿದಂಥ ರುಚಿ. ಅಷ್ಟು ಕೆಟ್ಟದಾಗಿದೆ ಎಂದಮೇಲೆ ಒಳ್ಳೆಯದೇ ಇರಬೇಕು ಎಂದುಕೊಂಡೆ.

ಡಾಕ್ಟ್ರು ಲೋಟವನ್ನು ಮೂಸಿ ನೋಡಿದರು. “ಯಾರನ್ನ ಎಬ್ಬಿಸ್ತದಂತೆ ಇದು?”

“ಸೈನಿಕರನ್ನ ಸಾರ್. ಬಿಳಿ ರಕ್ತಕಣ.”

“ಅವ್ರು ಮಲಗವ್ರೆ ಅಂತ ನಿನಗ್ಯಾರ್ ಹೇಳಿದ್ರು?” ಎಂದು ಕುರ್ಚಿ ಎಳೆದುಕೊಂಡು ಕೂತರು. “ಕಿಬ್ಬನಹಳ್ಳಿ ಕ್ರಾಸಲ್ಲಿ ಆಕ್ಸಿಡೆಂಟ್ ನೋಡಿದ್ದೀಯಾ?”

“ನೋಡಿದ್ದೀನಿ.”

“ಏನಾಗ್ತದೆ? ಲಾರಿ ಗುದ್ದಿದ್ದು ಒಂದ್ ಗಳಿಗೆ. ಆಮೇಲೆ ಜನ ನುಗ್ತಾರೆ. ಮೊದ್ಲು ಬರೋರಿಗೆ ಆವೇಶ ಜಾಸ್ತಿ. ಗಾಜು ಒಡೀತಾರೆ, ಡೋರ್ ಕೀಳ್ತಾರೆ, ಏಟು ಬಿದ್ದೋನ್ ಮೇಲೇ ಕಾಲಿಡ್ತಾರೆ. ಅವ್ರು ನ್ಯೂಟ್ರೋಫಿಲ್ಲು. ಅಲ್ಲೇ ಅಂಗಡಿ ಇಟ್ಕಂಡಿರೋರು ಶಟರ್ ಎಳ್ದು ಎದ್ ಬರ್ತಾರೆ. ಅವ್ರು ಮೈಕ್ರೋಗ್ಲಿಯಾ, ಬೆನ್ನುಹುರಿ ಒಳಗೇ ಮನೆ ಮಾಡ್ಕಂಡಿರೋರು. ಆಮೇಲೆ ರಕ್ತದಿಂದ ಮ್ಯಾಕ್ರೋಫೇಜು ಅಂತ ಬರ್ತವೆ. ಅದ್ರಲ್ಲಿ ಗಾಜು ಗುಡಿಸೋರೂ ಅವ್ರೆ, ಜಗಳ ತೆಗೆಯೋರೂ ಅವ್ರೆ. ಕೈಮೇಲೆ ಗಾಯ ಆದ್ರೆ ಗುಡಿಸಿ, ಕಟ್ಟಿ, ಮನೆಗ್ ಹೋಯ್ತಾರೆ. ಬೆನ್ನುಹುರೀಲಿ ಹೋಗಲ್ಲ ಕಣ್ಲಾ. ತಿಂಗಳಾನುಗಟ್ಲೆ ಅಲ್ಲೇ ನಿಂತ್ಕಂತಾರೆ. ಗುದ್ದಿದ್ದ್ರಲ್ಲಿ ಹಾಳಾಗಿದ್ದು ಒಂದಾದ್ರೆ, ಈ ಗುಂಪಿನ ಕಾಲ್ತುಳಿತದಲ್ಲಿ ಪಕ್ಕದ್ ನರಾನೂ ಹಾಳಾಯ್ತವೆ. ಈಗ ಹೇಳು, ಆ ಗುಂಪಿಗೆ ಇನ್ನೊಂದೆರಡು ಬಸ್ ಜನ ಕಳಿಸ್ಬೇಕಾ?”

ನಾನು ಲೋಟ ಕೆಳಗಿಟ್ಟೆ. “ಹಂಗಾದ್ರೆ ಎಲ್ರನ್ನೂ ಓಡಿಸೋ ಔಷಧಿ ಇಲ್ವಾ ಸಾರ್?”

“ಲಾಠಿ ಬೀಸಿದ್ರೆ ಗಾಜು ಗುಡಿಸೋನೂ ಓಡೋಯ್ತಾನೆ. ಅವನಿಲ್ದೆ ರಿಪೇರಿ ಶುರುವಾಗಲ್ಲ. ನೀನು ಇರು, ನೀನು ನಡಿ, ಅಂತ ಒಬ್ಬೊಬ್ಬರಿಗೇ ಹೇಳೋ ಔಷಧಿ ಬೇಕು. ಹುಡುಕ್ತಾ ಅವ್ರೆ. ಇಲಿಗಳಲ್ಲಿ ಏನೇನೋ ಆಗೈತೆ. ಡ್ರಿಲ್ ಮಾಸ್ಟ್ರುಗಳಲ್ಲಿ ಇನ್ನೂ ಇಲ್ಲ.”

ನಾನು ಈ ವಿದ್ಯೆಯನ್ನು ಸುಮ್ಮನೆ ಬಿಟ್ಟೆನೇ? ಮಾರನೆಯ ದಿನದಿಂದ ನೋಡಲು ಬಂದವರಿಗೆಲ್ಲ ಪಾಠ. ‘ಮೈಕ್ರೋಗ್ಲಿಯಾ’ ಎಂದಾಗ ಎದುರಿನವರ ಕಣ್ಣು ಅರಳುವುದನ್ನು ನೋಡುವುದೇ ಒಂದು ಸುಖ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಎರಡು ಸಲ ಕೂತವನು ನಾನು ಎಂಬುದು ಅವರಿಗೆ ಗೊತ್ತಿರಲಿಲ್ಲ. ಮರದ ಕಥೆ ಕೇಳಲು ಬಂದ ಒಬ್ಬ ನೆಂಟರು ನನ್ನ ಮ್ಯಾಕ್ರೋಫೇಜಿನ ನಡುವೆ ನಿದ್ದೆ ಹೋದರು. ಅವರನ್ನು ಎಬ್ಬಿಸಿ ಮುಂದುವರಿಸಿದೆ.

ಇಷ್ಟು ತಿಳಿದವನಿಗೆ ಜ್ವರ ಬಂದಾಗ ಏನೂ ತಿಳಿಯಲಿಲ್ಲ. ಡಾಕ್ಟ್ರು ಹಾಸನದ ಕಡೆ ಮಗಳ ಮನೆಗೆ ಹೋಗಿದ್ದರು. ಮೈ ಬಿಸಿಯಾಯಿತು, ನಡುಕ ಬಂತು. ಫ್ಲೂ ಇರಬೇಕು ಎಂದು ಮಾತ್ರೆ ನುಂಗಿ, ಹೆಂಡತಿ ಆಸ್ಪತ್ರೆ ಎಂದಾಗ ಬೇಡ ಎಂದು ಗದರಿದೆ. ಸೊಂಟದ ಕೆಳಗೆ ನೋವು ಗೊತ್ತಾಗದವನಿಗೆ ಎಲ್ಲಿ ಕೆಟ್ಟಿದೆ ಎಂದು ಹೇಳುವವರಾರು? ಡಾಕ್ಟ್ರು ಊರಿಂದ ಬಂದವರು ಚೀಲ ಹೆಗಲಲ್ಲಿ ಇದ್ದ ಹಾಗೆಯೇ ಒಳಗೆ ಬಂದರು. ಮೂತ್ರದ ಚೀಲವನ್ನು ನೋಡಿದರು. ಅದು ಮಜ್ಜಿಗೆಯಂತೆ ಕದಡಿತ್ತು. ಬಾಗಿಲಿಗೆ ಹೋಗಿ ಬೀದಿಯಲ್ಲಿ ಕಾಯಿ ಇಳಿಸುತ್ತಿದ್ದ ಲಗೇಜ್ ಆಟೋದವನನ್ನು ಕೂಗಿದರು.

ತಿಪಟೂರಿಗೆ ನನ್ನನ್ನು ಸಾಗಿಸಿದ್ದು ಆ ಆಟೋದಲ್ಲಿ, ಖಾಲಿ ಗೋಣಿಚೀಲಗಳ ಮೇಲೆ ಹಾಸಿಗೆ ಹಾಸಿ. ಹೆಂಡತಿ ಮುಂದೆ ಕೂತಳು. ಡಾಕ್ಟ್ರು ಹಿಂದೆ, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಅಂಗೈಯಲ್ಲಿ ಹಿಡಿದು ಕೂತರು. ರಸ್ತೆಯ ಪ್ರತಿ ಹಳ್ಳಕ್ಕೂ ಡ್ರೈವರನಿಗೆ ಬೈಗುಳ. ನನಗೆ ಅರ್ಧ ಪ್ರಜ್ಞೆ. ಮೇಲೆ ತೆಂಗಿನ ಗರಿಗಳು ಹಿಂದಕ್ಕೆ ಓಡುತ್ತಿದ್ದವು. ಆಗ ಅವರ ದನಿ ಕೇಳಿಸಿತು.

“ಸ್ವಲ್ಪ ತಡ್ಕಳಿ. ಹಂಗೇ ಮಲಗಿ. ಕಣ್ಣು ಮುಚ್ಚಬೇಡಿ, ನನ್ ಕಡೆ ನೋಡಿ. ಬಂದೇ ಬುಡ್ತು.”

ಯಾರಿಗೆ ಹೇಳುತ್ತಿದ್ದಾರೆ ಎಂದು ಅತ್ತಿತ್ತ ನೋಡಲು ಪ್ರಯತ್ನಿಸಿದೆ. ಆಟೋದಲ್ಲಿ ಹಸು ಇರಲಿಲ್ಲ. ನನಗೇ ಹೇಳುತ್ತಿದ್ದರು. ಡಾಕ್ಟ್ರು ನನಗೆ ಬಹುವಚನ ಕೊಟ್ಟಿದ್ದರು. ಬಿದ್ದ ದಿನ ಆಗದ ಹೆದರಿಕೆ ನನಗೆ ಆಗ ಆಯಿತು. ಓಹೋ, ನಾನು ಸಾಯುತ್ತಿದ್ದೇನೆ ಎಂದುಕೊಂಡೆ.

ಸಾಯಲಿಲ್ಲ. ಸೋಂಕು ರಕ್ತಕ್ಕೆ ಇಳಿದಿತ್ತು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಅಲ್ಲಿಯ ಡಾಕ್ಟರು. ಐಸಿಯುವಿನಿಂದ ವಾರ್ಡಿಗೆ ಬಂದ ದಿನ ನಮ್ಮ ಡಾಕ್ಟ್ರು ಬಂದು ತೊಡೆಗೆ ಏಟು ಹಾಕಿ, “ಏನ್ಲಾ, ಬದುಕಿದ್ದೀಯಾ?” ಎಂದರು. ಏಕವಚನ ಕೇಳಿ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ.

“ಸಾರ್, ಸೈನಿಕರು ಜಾಸ್ತಿ ಆಗವ್ರೆ ಅಂದ್ರಿ. ಸೋಂಕು ಹೆಂಗೆ ಬಂತು?”

“ಅದೇ ನೋಡು. ಜನ ಎಲ್ಲ ಕ್ರಾಸಲ್ಲಿ ಗಲಾಟೆ ಮಾಡ್ತಾ ನಿಂತಿದ್ರೆ ಊರು ಕಾಯೋರು ಯಾರು? ಬೆನ್ನುಹುರಿಗೆ ಏಟು ಬಿದ್ರೆ, ಮೈ ಕಾಯೋ ಕಣಗಳಿಗೆ ಮೇಲಿಂದ ಹೋಗೋ ಸುದ್ದೀನೂ ಏರುಪೇರಾಗ್ತದೆ. ಅಲ್ಲಿ ಬೇಡದಷ್ಟು ಜೋರು, ಇಲ್ಲಿ ಬೇಕಾದಾಗ ಮಂಪರು. ಚರ್ಮ, ಉಸ್ರು, ಉಚ್ಚೆ, ಮೂರನ್ನೂ ನೀನೇ ಕಾಯ್ಬೇಕು. ಪುಡಿ ಕಾಯಲ್ಲ.”

ಮನೆಗೆ ಬಂದು ನೋಡಿದರೆ ಡಬ್ಬಗಳಲ್ಲಿ ಪುಡಿ ಇರಲಿಲ್ಲ. ಹೆಂಡತಿ ಅದನ್ನೆಲ್ಲ ಕರಿಬೇವಿನ ಬುಡಕ್ಕೆ ಸುರಿದಿದ್ದಳು. ಡಬ್ಬದಲ್ಲಿ ಹುಣಸೆಹಣ್ಣು ತುಂಬಿದ್ದಳು.

ಅದಾದ ಮೇಲೆ ಒಂದು ದಿನ ನನ್ನ ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ಈ ಸಲ ನಾನು ಯಾರಿಗೂ ಹೇಳಲಿಲ್ಲ. ಅಲ್ಲಾಡು ಎಂದೆ, ಅಲ್ಲಾಡಿತು. ನಿಲ್ಲು ಎಂದೆ, ನಿಂತಿತು. ಡಾಕ್ಟ್ರು ಬರುವವರೆಗೂ ಉಸಿರು ಬಿಗಿಹಿಡಿದು ಕಾದೆ. ಅವರು ಬಗ್ಗಿ ಬೆರಳಿಗೆ ಕಣ್ಣು ತಾಗುವಷ್ಟು ಹತ್ತಿರದಿಂದ ನೋಡಿದರು. ಇನ್ನೊಂದ್ಸಲ ಎಂದರು. ಮತ್ತೊಂದ್ಸಲ ಎಂದರು. ತಲೆಯೆತ್ತದೆಯೇ ಹೆಂಡತಿಯನ್ನು ಕೂಗಿ, “ಅಮ್ಮಾ, ಬೇಳೆ ಐತಾ ಮನೇಲಿ?” ಎಂದರು.

ತಿಪಟೂರಿನಿಂದ ಫಿಸಿಯೋಥೆರಪಿಯ ಹುಡುಗಿಯೊಬ್ಬಳು ವಾರಕ್ಕೊಮ್ಮೆ ಬರುತ್ತಿದ್ದಳು. ಹಿಡಿದು ನಿಲ್ಲಲು ಎರಡು ಕಡೆ ಕಂಬಿ ಇದ್ದರೆ ಒಳ್ಳೆಯದು ಎಂದಳು. ಮಾರನೆಯ ದಿನ ಡಾಕ್ಟ್ರು ಒಂದು ಟ್ರ್ಯಾಕ್ಟರಿನಲ್ಲಿ ಕಬ್ಬಿಣದ ಚೌಕಟ್ಟು ತಂದು ಅಂಗಳದಲ್ಲಿ ಇಳಿಸಿದರು. ದನದ ಆಸ್ಪತ್ರೆಗಳ ಮುಂದೆ ಹಸು ಎತ್ತುಗಳನ್ನು ಅಲುಗಾಡದಂತೆ ನಿಲ್ಲಿಸಲು ಪೈಪಿನ ಕಟ್ಟು ಇರುತ್ತದಲ್ಲ, ಅದೇ. ಯಾರದೋ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿತ್ತಂತೆ. ಹುಡುಗಿ ನೋಡಿ ನಕ್ಕಳು. ಅಳತೆ ತೆಗೆದು, ಕಂಬಿಗಳನ್ನು ತಗ್ಗಿಸಿ ವೆಲ್ಡ್ ಮಾಡಿಸಿ, ಅಂಚಿಗೆ ಸ್ಪಂಜು ಸುತ್ತಿಸಿ, ಆಗಬಹುದು ಎಂದಳು.

ಹೀಗೆ ಊರಿನ ಡ್ರಿಲ್ ಮಾಸ್ಟರು ಎಲ್ಲರೂ ನೋಡುವ ಹಾಗೆ ದನದ ಕಟ್ಟಿನಲ್ಲಿ ನಿಲ್ಲತೊಡಗಿದರು. ಬಿಸಿಲಿಗೆ ಬಿಟ್ಟ ಹೋರಿಯ ಹಾಗೆ. ಸ್ಕೂಲ್ ಬಿಟ್ಟ ಮೇಲೆ ಹುಡುಗರು ಕಾಂಪೌಂಡಿನ ಮೇಲೆ ಗಲ್ಲವಿಟ್ಟು ನೋಡುತ್ತಿದ್ದರು. ಯಾರೋ ಒಬ್ಬ ಹುಲ್ಲು ತಂದು ಒಳಗೆ ಎಸೆದ. ಡಾಕ್ಟ್ರು ಅವನನ್ನು ಬೈಯಬಹುದು ಎಂದುಕೊಂಡೆ. “ಒಣಹುಲ್ಲು ತರ್ಬಾರ್ದೇನ್ಲಾ, ಹಸೀದು ತಿಂದ್ರೆ ಭೇದಿ ಆಯ್ತದೆ,” ಎಂದರು. ಬಲಗಾಲು ನಿಧಾನಕ್ಕೆ ಭಾರ ಹೊರತೊಡಗಿತು. ಎಡಗಾಲು ಎಳೆದುಕೊಂಡು ಹಿಂದೆ ಬಂತು. ಕಟ್ಟಿನಿಂದ ವಾಕರಿಗೆ ಬಂದೆ. ಅಷ್ಟೇ ಬಂದೆ. ಅದರಾಚೆಗೆ ಇವತ್ತಿಗೂ ಹೋಗಿಲ್ಲ. ಎಷ್ಟು ನರ ಉಳಿದಿದ್ದವೋ ಅಷ್ಟು ಕೆಲಸ ಕಲಿತವು.

ನನ್ನ ಬೆನ್ನಿನ ಧ್ಯಾನದಲ್ಲೇ ಮುಳುಗಿದ್ದ ನಾನು ಅವರ ಕೈಗಳನ್ನು ಸರಿಯಾಗಿ ನೋಡಿದ್ದು ಕಟ್ಟಿನಲ್ಲಿ ನಿಂತಿದ್ದ ಒಂದು ಬೆಳಿಗ್ಗೆ. ಕಾಫಿ ಲೋಟವನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದಿದ್ದರು. ಬೆರಳುಗಳು ಒಂದೇ ಕಡೆಗೆ ವಾಲಿದ್ದವು, ಗಿಣ್ಣುಗಳು ಊದಿದ್ದವು. ಏನಾಗಿದೆ ಸಾರ್ ಎಂದೆ.

“ಕೀಲುವಾತ. ನನ್ನದೇ ಬಿಳಿಕಣ ನನ್ ಕೀಲಿಗೇ ಕಲ್ಲು ಹೊಡೀತಾ ಅವೆ. ಯಾರೂ ಗುದ್ದಿಲ್ಲ, ಆಕ್ಸಿಡೆಂಟೂ ಆಗಿಲ್ಲ, ಆದ್ರೂ ಗುಂಪು ಸೇರೈತೆ.” ನಕ್ಕರು. “ಹಸು ಒಳಗೆ ಕೈ ಹಾಕಿ ಕರು ತಿರುಗಿಸ್ಬೇಕು ಅಂದ್ರೆ ಬೆರಳು ಬೇಕು. ಒಂದಿನ ಒಂದು ತಾಯಿ ನನ್ ಕೈಲಿ ಆಗ್ದೆ ಹೋಗ್ಬುಟ್ರು, ಕರೂನೂ ಹೋಯ್ತು. ಅವತ್ತೇ ಕೆಲಸ ಬುಟ್ಟೆ. ಆ ಕಣಗಳ ವಿಷಯ ಓದೋಕೆ ಶುರು ಮಾಡಿದ್ದು ಆಮೇಲೆ. ಬೈಯ್ಯೋಕಾದ್ರೂ ಹೆಸ್ರು ಗೊತ್ತಿರ್ಲಿ ಅಂತ.”

“ಔಷಧಿ?”

“ಐತೆ. ಅವನ್ನೆಲ್ಲ ಮಲಗಿಸೋ ಮಾತ್ರೆ. ಅವು ಮಲಗಿದ್ರೆ ಕೈಗೆ ಆರಾಮು. ಆದ್ರೆ ಬಾಗ್ಲು ಕಾಯೋರೂ ಮಲಗ್ತಾರಲ್ಲ.” ಲೋಟ ಕೆಳಗಿಟ್ಟು, “ನೀನ್ಯಾಕ್ ಬಗ್ಗಿದೆ? ನೆಟ್ಟಗೆ ನಿಲ್ಲು,” ಎಂದರು.

ಅವರು ತೀರಿಕೊಂಡದ್ದು ಕಳೆದ ಚಳಿಗಾಲದಲ್ಲಿ, ನ್ಯುಮೋನಿಯಾದಿಂದ. ನೆಗಡಿ ಎಂದು ಶುರುವಾದದ್ದು ಎದೆಗೆ ಇಳಿಯಿತು. ಅವರನ್ನು ಮಣ್ಣು ಮಾಡಿದ ದಿನ ಬಂದಿದ್ದವರಲ್ಲಿ ಅವರಿಂದ ಬೈಸಿಕೊಳ್ಳದವರು ಒಬ್ಬರೂ ಇರಲಿಲ್ಲ. ಒಬ್ಬೊಬ್ಬರೂ ತಮಗೆ ಬಿದ್ದ ಬೈಗುಳವನ್ನು ಪ್ರಶಸ್ತಿಯ ಹಾಗೆ ಹೇಳಿಕೊಳ್ಳುತ್ತಿದ್ದರು. ನಾನೂ ನನ್ನದನ್ನು ಹೇಳಿದೆ. ಮಾಯಸಂದ್ರದ ಒಬ್ಬ ರೈತನದು ನನಗಿಂತ ಚೆನ್ನಾಗಿತ್ತು.

ಅದಕ್ಕೆ ಕೆಲವು ದಿನ ಮುಂಚೆ ಆಸ್ಪತ್ರೆಗೆ ಹೋಗಿದ್ದೆ. ಮೂಗಿಗೆ ಆಕ್ಸಿಜನ್ ಹಾಕಿದ್ದರು. ಮುಖ ಚಿಕ್ಕದಾಗಿತ್ತು. ನಾನು ಆಗಸ್ಟ್ ಹದಿನೈದರ ಭಾಷಣ ಮಾಡಿ ಪಳಗಿದವನು, ಆಟೋದಲ್ಲಿ ಬರುವಾಗಲೇ ಮಾತು ಜೋಡಿಸಿಕೊಂಡಿದ್ದೆ. ವಾಕರ್ ಊರಿ ಮಂಚದ ಪಕ್ಕ ನಿಂತು, “ಡಾಕ್ಟ್ರೇ, ಈ ಸಂದರ್ಭದಲ್ಲಿ...” ಎಂದು ಶುರುಮಾಡಿದೆ. ಅವರು ವಾಲಿದ ಬೆರಳುಗಳನ್ನು ಎತ್ತಿ ಸಾಕು ಎಂದರು. ಕಿಟಕಿಯ ಕಡೆ ತೋರಿಸಿದರು.

“ನಡ್ದು ತೋರ್ಸು.”

ಮಂಚದ ಪಕ್ಕದಿಂದ ಕಿಟಕಿಗೆ ಹೊರಟೆ. ವಾಕರ್, ಬಲಗಾಲು, ಎಡಗಾಲು. ಹಿಂದಿನಿಂದ ದನಿ ಬಂತು, ಉಸಿರಿಗೆ ಅಲ್ಲಲ್ಲಿ ನಿಂತು: “ಎಡಗಾಲು... ಇನ್ನೂ ಸುಳ್ಳು ಹೇಳ್ತೈತೆ.”

ಕಿಟಕಿ ಮುಟ್ಟಿ, ಕಷ್ಟಪಟ್ಟು ತಿರುಗಿ ನೋಡಿದೆ. ಕಣ್ಣು ಮುಚ್ಚಿದ್ದರು. ಎದೆ ಅಲ್ಲಾಡುವಂತೆ ಕಾಣಲಿಲ್ಲ. “ಸಿಸ್ಟರ್! ಸಿಸ್ಟರ್!” ಎಂದು ಮೈದಾನದ ದನಿಯಲ್ಲಿ ಕೂಗಿದೆ. ಇಡೀ ವಾರ್ಡು ಎದ್ದು ಕೂತಿತು. ನರ್ಸ್ ಓಡಿಬಂದಳು. ಡಾಕ್ಟ್ರು ಒಂದೇ ಕಣ್ಣು ತೆರೆದು ನನ್ನನ್ನು ನೋಡಿದರು.

“ಯಾಕ್ಲಾ ನಿಂತೆ?”

ಮತ್ತೆ ನಡೆದೆ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಹೊತ್ತಾಯಿತು, ಹೊರಡಿ ಎಂದು ನರ್ಸ್ ಹೇಳುವವರೆಗೂ ನಡೆದೆ. ಅವರು ನೋಡುತ್ತಿದ್ದರೋ, ನಿದ್ದೆ ಹೋಗಿದ್ದರೋ ಗೊತ್ತಿಲ್ಲ. ನಡೆಯುತ್ತ ಕತ್ತು ತಿರುಗಿಸಿದರೆ ನಾನು ಬೀಳುತ್ತೇನೆ.